ಹಳೆಯ ಗೋವೆಯ ಪೀಠದೇವಾಲಯ

ಉತ್ತರಕ್ಕೆ ಮಾಂಡವಿ, ದಕ್ಷಿಣಕ್ಕೆ ಜುವಾರಿ, ಪೂರ್ವಕ್ಕೆ ಇವೆರಡನ್ನೂ ಕೂಡಿಸುವ ಕುಂಭಾರಜುವೆಯ ಕಾಲುವೆ, ಪಶ್ಚಿಮಕ್ಕೆ ಸಮುದ್ರ: ಇವುಗಳಿಂದ ಸುತ್ತುವರಿಯಲ್ಪಟ್ಟ ಭೂಭಾಗಕ್ಕೆ ತೀಸವಾಡಿಯೆಂದು ಹೆಸರು. ಮೂವತ್ತು ವಾಡಿಗಳ ದ್ವೀಪವೆಂದು ಇದರ ಅರ್ಥ. ಇದರ ದಕ್ಷಿಣ ತೀರದಲ್ಲಿ ಕದಂಬರ ಗೋಪಕಪಟ್ಟಣವಿದ್ದಿತು. ಉತ್ತರ ತೀರದಲ್ಲಿ, ವಿಜಾಪುರದ ಆದಿಲಶಾಹರ ಕಾಲದಲ್ಲಿ ಏಳಿಗೆಗೆ ಬಂದ ನಗರವೇ ಈಗಿನ ಹಳೆಯ ಗೋವೆ. ಅಲ್ಲಿಯ ‘ಸೆ’ ಎಂಬ ಕ್ಯಾಥೊಲಿಕ ದೇವಾಲಯವನ್ನು ನೋಡಲು ಹೋದವರು ಅದರ ಗಾತ್ರವನ್ನು ಕಂಡು ಬೆರಗಾಗುವರು. ಮುಂಭಾಗದ ಒಂದೇ ಗೋಪುರವನ್ನು ಕಂಡು ಇದು ಅಪೂರ್ಣವಾದ ಕಟ್ಟಡವೆಂದು ಭಾವಿಸುವುದೂ ಉಂಟು. ಎರಡರಿಂದಲೂ ಅದರ ತತ್ತ್ವವು ತಿಳಿಯದು. ಹೆಸರಿನಿಂದಲೇ ವಿಚಾರವನ್ನು ಆರಂಭಿಸಬೇಕು.

ನಮ್ಮವರು ಕ್ರೈಸ್ತ ದೇವಾಲಯಗಳನ್ನೆಲ್ಲ ಇಗರ್ಜಿಯೆನ್ನುವರು. ಇದು ಪೋರ್ತುಗೀಜ ಭಾಷೆಯಿಂದ ಬಂದ ಶಬ್ದ. ಆದರೆ ಎಲ್ಲ ಇಗರ್ಜಿಗಳೂ ಕ್ಯಾಥೆಡ್ರಲ್ಲುಗಳಲ್ಲ. ಗ್ರೀಕಿನಲ್ಲಿ ‘ಕಥೆದ್ರಾ’ ಎಂದರೆ ಆಸನ. ಲ್ಯಾಟಿನಿನ ‘ಸೆದೆಸ್’ ಎಂಬುದಕ್ಕೂ ಅದೇ ಅರ್ಥ. ಈ ‘ಸೆದೆಸ್’ ಎಂಬುದೇ ಪೋರ್ತುಗೀಜದಲ್ಲಿ ‘ಸೆ’ ಎಂದಾಗಿದೆ. ಇವೆಲ್ಲಕ್ಕೂ ನಮ್ಮ ‘ಸದ್’ ಧಾತುವಿಗೂ ಮೂಲವೊಂದೇ ಎಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಸದಸ್ಸು, ಸದನ, ಉಪನಿಷತ್ತುಗಳಲ್ಲಿರುವ ಧಾತುವೇ ಇದು. ಧರ್ಮಾಧ್ಯಕ್ಷನ ಪೀಠವಿರುವ ದೇವಾಲಯವು ಎಷ್ಟು ಚಿಕ್ಕದಾದರೂ ಕ್ಯಾಥೆಡ್ರಲ್. ಪೀಠವಿಲ್ಲದಿದ್ದರೆ ಎಷ್ಟು ದೊಡ್ಡದಾದರೂ ಅಲ್ಲ.

ಹೊನ್ನಾವರದ ತಿಮ್ಮಯ್ಯನ ನೆರವನ್ನೂ ಪಡೆದು ಗೋವೆಯ ಮೇಲೆ ಬಂದ ಆಲ್ಬುಕರ್ಕನು ನಗರವನ್ನು ಮೊದಲು ಗೆದ್ದು, ಕಳೆದುಕೊಂಡು, 1510ನೆಯ ನವೆಂಬರ 25ರಂದು ಪುನಃ ವಶಪಡಿಸಿಕೊಂಡನು. ಅಂದು ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನಳ ಹಬ್ಬ. ಆದ್ದರಿಂದ ಅವಳ ಹೆಸರಿನಲ್ಲಿ ಚಿಕ್ಕದೊಂದು ಪ್ರಾರ್ಥನಾಮಂದಿರವು ಹುಟ್ಟಿತು. 1534ರಲ್ಲಿ ಅದಕ್ಕೇ ಪೀಠದ ಪದವಿ ದೊರೆಯಿತು. 1540ರ ಸುಮಾರಿಗೆ ಈ ದ್ವೀಪದ ಹಿಂದೂ ದೇವಾಲಯಗಳು ಕೆಡವಲ್ಪಟ್ಟುವೆಂಬುದನ್ನೂ ಇಲ್ಲಿ ಹೇಳದೆ ಬಿಡುವುದು ನ್ಯಾಯವಲ್ಲ.

ಗುಡಾನ್ತರೀಪದಿಂದ ಚೀನದವರೆಗೆ, ಎಂದರೆ ಆಫ್ರಿಕದ ದಕ್ಷಿಣದ ತುದಿಯ ಸಮೀಪದಿಂದ ಮೊದಲ್ಗೊಂಡು, ಅಧಿಕಾರವುಳ್ಳ ಪೀಠಕ್ಕೆ ಆ ಮಂದಿರವು ಸಾಲದಾಯಿತು. 1562ರಲ್ಲಿ, ಸೆಬಾಸ್ತಿಯನ್ ಅರಸನ ಆಳಿಕೆಯಲ್ಲಿ, ರಾಜಸ್ವತ್ತುಗಳನ್ನು ಮಾರಿ ಬಂದ ಹಣದಿಂದ ಹೊಸ ಕಟ್ಟಡವನ್ನು ತೊಡಗಿದರು. ಅದು 1619ರ ಹೊತ್ತಿಗೆ ಬಹುಮಟ್ಟಿಗೆ ಮುಗಿದು, 1640ರಲ್ಲಿ ಪ್ರತಿಷ್ಠಿತವಾಯಿತು. ಒಳಗಿನ ವೇದಿಕೆಗಳು ಪೂರೈಸಿದುದು 1652ರಲ್ಲಿ. ಉದ್ದ ಸುಮಾರು 250 ಅಡಿ, ಅಗಲ 181 ಅಡಿ, ಮುಂಭಾಗದ ಎತ್ತರ 116 ಅಡಿ. ಗೋಡೆಗಳು ಆ ನೆಲದ ಮುರಕಲ್ಲಿನವು. ಮೇಲೆ ಸುಣ್ಣದ ಗಾರೆ. ಈ ಕಲ್ಲು ಮಳೆನೀರನ್ನು ಹೀರುವುದರಿಂದ ಗಾರೆಯ ಬಿಳುಪು ಅಲಂಕಾರಮಾತ್ರವಲ್ಲ, ಕವಚವೂ ಹೌದು.

ಇಂದು ಕಾಣುವ ಒಂಟಿ ಗೋಪುರವು ಶಿಲ್ಪಿಯ ಸಂಕಲ್ಪವಲ್ಲ. ಗೋಪುರಗಳು ಎರಡಿದ್ದುವು, ಒಂದು 1776ರಲ್ಲಿ ಬಿದ್ದಿತು. ಉಳಿದುದರಲ್ಲಿ ‘ಚಿನ್ನದ ಗಂಟೆ’ಯೆಂದು ಹೆಸರಾದ ದೊಡ್ಡ ಗಂಟೆಯಿದೆ.

ಹೊರಗಿನ ಗೋಡೆಗಳು ಸರಳ. ಒಳಗೆ ದೃಷ್ಟಿಯು ಉದ್ದವಾದ ನಡುಹಜಾರವನ್ನು ದಾಟಿ ನೇರವಾಗಿ ಪ್ರಧಾನ ವೇದಿಕೆಗೆ ಸಾಗುತ್ತದೆ. ನಮ್ಮ ಗುಡಿಗಳಲ್ಲಿ ಬೆಳಕು ಕುಗ್ಗುತ್ತ ಹೋಗಿ ಗರ್ಭಗೃಹದ ಕತ್ತಲೆಯಲ್ಲಿ ದೀಪವೊಂದೇ ಉಳಿಯುವುದು. ಇಲ್ಲಿ ಕೊನೆಯಲ್ಲಿಯೇ ಹೊಳಪು ಹೆಚ್ಚು. ಚಿನ್ನದ ಲೇಪವುಳ್ಳ ಆ ಮರಗೆತ್ತನೆಯ ಫಲಕಗಳಲ್ಲಿ ಕ್ಯಾಥರೀನಳ ಕಥೆಯಿದೆ. ಚಕ್ರವರ್ತಿಯ ಸಭೆಯಲ್ಲಿ ಐವತ್ತು ಮಂದಿ ವಿದ್ವಾಂಸರನ್ನು ವಾದದಲ್ಲಿ ಗೆದ್ದು, ಕಡೆಗೆ ಶಿರಚ್ಛೇದಕ್ಕೆ ಗುರಿಯಾದ ಕನ್ಯೆಯೆಂದು ಐತಿಹ್ಯ. ಸೈನ್ಯದ ಜಯದಿನದಿಂದ ಹೆಸರು ಪಡೆದ ಆಲಯಕ್ಕೆ ವಾದದಲ್ಲಿ ಜಯಿಸಿದವಳು ಅಧಿದೇವತೆಯಾದುದು ಸ್ವಾರಸ್ಯವೇ ಸರಿ. ಆದರೆ 1560ರಲ್ಲಿ ಸ್ಥಾಪಿತವಾಗಿ 1812ರಲ್ಲಿ ಕೊನೆಗೊಂಡ ಇನ್ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಸ್ಥಾನವು ಇದೇ ಚೌಕದ ಬದಿಯಲ್ಲಿದ್ದಿತು. ಅಲ್ಲಿ ವಾದಕ್ಕೆ ಅವಕಾಶವು ಬಹಳವಿರಲಿಲ್ಲ. ಆ ಕಟ್ಟಡವು ಈಗ ಇಲ್ಲ.

ಇಲ್ಲದಿರುವುದು ಅದೊಂದೇ ಅಲ್ಲ. ಸಾಂಕ್ರಾಮಿಕ ರೋಗಗಳಿಂದ ನಗರವು ಬರಿದಾಗುತ್ತ ಬಂದು, 1759ರಲ್ಲಿ ರಾಜಪ್ರತಿನಿಧಿಯು ತನ್ನ ವಾಸವನ್ನು ಪಣಜಿಯ ಕಡೆಗೆ ಬದಲಿಸಿದನು; 1843ರಲ್ಲಿ ಪಣಜಿಯೇ ರಾಜಧಾನಿಯಾಯಿತು. ಮನೆಗಳು, ಅಂಗಡಿಬೀದಿಗಳು, ಅರಮನೆ ಎಲ್ಲವೂ ಅಳಿದುವು. ಪೀಠವು ಮಾತ್ರ ಸ್ಥಾನವನ್ನು ಬಿಡಲಿಲ್ಲ. ಊರಿಲ್ಲದ ಬಯಲಿನಲ್ಲಿ ಇಷ್ಟು ದೊಡ್ಡ ಆಲಯವೇಕೆಂಬ ಪ್ರಶ್ನೆಗೆ ಇದೇ ಉತ್ತರ. 1886ರಲ್ಲಿ ಇಲ್ಲಿಯ ಮಹಾಧರ್ಮಾಧ್ಯಕ್ಷನಿಗೆ ಪೂರ್ವ ಇಂಡಿಯದ ಪಿತೃಪ್ರಧಾನನೆಂಬ ಬಿರುದೂ ಸೇರಿತು. ಗೋವೆಯಿಂದ ಹೊರಟು ಕನ್ನಡ ಜಿಲ್ಲೆಗಳಲ್ಲಿ ನೆಲೆಸಿದ ಕೊಂಕಣಿ ಕ್ರೈಸ್ತರ ಹಿರಿಯರೂ ಬಹುಕಾಲ ಈ ಪೀಠಕ್ಕೆ ನಡೆದುಕೊಂಡವರೇ. 1986ರಿಂದ ಇದು ಹಳೆಯ ಗೋವೆಯ ಇತರ ಇಗರ್ಜಿಗಳೊಡನೆ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಮಹಾಧರ್ಮಾಧ್ಯಕ್ಷನ ನಿವಾಸವು ಪಣಜಿಯ ಗುಡ್ಡದ ಮೇಲಿದೆ. ಆಸನವು ಇಲ್ಲಿಯೇ ಇದೆ.