ಇಂಟರ್‌ನೆಟ್ ಬೇಡ, ರೂಟರ್ ಬೇಡ, ಒಂದು ಕೇಬಲ್ ಸಾಕು

ಪಕ್ಕಪಕ್ಕದಲ್ಲಿರುವ ಎರಡು ಕಂಪ್ಯೂಟರ್‌ಗಳ ನಡುವೆ ಫೈಲ್ ಕಳಿಸಬೇಕೆಂದರೆ ನಾವೀಗ ಏನು ಮಾಡ್ತೀವಿ? ಒಂದರಿಂದ ಕ್ಲೌಡ್‌ಗೆ ಹಾಕಿ ಇನ್ನೊಂದರಲ್ಲಿ ಇಳಿಸಿಕೊಳ್ತೀವಿ. ಎರಡಡಿ ದೂರದ ಯಂತ್ರಕ್ಕೆ ಫೋಟೊ ತಲುಪಿಸಲು ಅದನ್ನು ಯಾವುದೋ ಊರಿನ ಸರ್ವರ್‌ಗೆ ಕಳಿಸಿ ವಾಪಸ್ ಕರೆಸಿಕೊಳ್ಳೋದು! ಹತ್ತಿಪ್ಪತ್ತು ಫೋಟೊ ಆದರೆ ನಡೆಯುತ್ತೆ. ಹಾಸನದಲ್ಲಿ ಅಮ್ಮನ ಹಳೇ ಡೆಸ್ಕ್‌ಟಾಪ್‌ನಲ್ಲಿ ಇದ್ದದ್ದು 240 ಜಿಬಿ.

ಅದರಲ್ಲಿ ಏನಿತ್ತು ಅನ್ನೋದೂ ಮುಖ್ಯ. ಅಮ್ಮ ಹತ್ತಾರು ವರ್ಷಗಳಿಂದ ಮದುವೆ ಮನೆಗಳಲ್ಲಿ ಸೋಬಾನೆ ಪದ ಹಾಡುವವರನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅಲ್ಲಿ ಇಟ್ಟಿದ್ದರು. ಅಜ್ಜಿಯ ದನಿ ಉಳಿದಿರೋದು ಅದೊಂದೇ ಕಡೆ. ಹೋದ ಸಲ ನಾನು ಊರಿಗೆ ಹೋದಾಗ ಆ ಕಂಪ್ಯೂಟರ್‌ನಲ್ಲಿ ಕೆಲವು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡೀತಿತ್ತು. ಹಾರ್ಡ್ ಡಿಸ್ಕ್ ಸವೆಯುತ್ತಿರುವ ಲಕ್ಷಣ ಅದು. ಎಷ್ಟು ದಿನ ಬಾಳುತ್ತೆ ಎಂದು ಯಾರೂ ಹೇಳಲಾರರು.

ಮನೆಯ ಇಂಟರ್‌ನೆಟ್‌ನ ಅಪ್‌ಲೋಡ್ ವೇಗ 20 ಎಂಬಿಪಿಎಸ್. ಲೆಕ್ಕ ಹಾಕಿ ನೋಡಿ, 240 ಜಿಬಿ ಹೋಗಲು 26 ಗಂಟೆಗೂ ಹೆಚ್ಚು, ಅದೂ ಕರೆಂಟ್ ಹೋಗದಿದ್ದರೆ. ಪೆನ್‌ಡ್ರೈವ್ ಆದರೆ ಪ್ರತಿ ಫೈಲೂ ಎರಡು ಸಲ ಕಾಪಿ ಆಗಬೇಕು. ಜೊತೆಗೆ ಹಳೇ ಫ್ಯಾಟ್32 ಮಾದರಿಯ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ವಿಡಿಯೊವನ್ನು ತಗೊಳ್ಳೋದೇ ಇಲ್ಲ. ಇನ್ನೊಂದು ತೊಡಕು: ಡೆಸ್ಕ್‌ಟಾಪ್‌ನಲ್ಲಿ ಇದ್ದದ್ದು ವಿಂಡೋಸ್ 7. ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿದ್ದು 2020ರ ಜನವರಿಯಲ್ಲಿ. ಅಂಥದ್ದನ್ನು ಇಂಟರ್‌ನೆಟ್‌ಗೆ ಸಿಕ್ಕಿಸಿ ರಾತ್ರಿಯಿಡೀ ಬಿಡಲು ನನಗೆ ಮನಸ್ಸಿಲ್ಲ.

ಉಳಿದದ್ದು ಈಥರ್‌ನೆಟ್ ಕೇಬಲ್. ರೂಟರ್ ಹಿಂದೆ ಚುಚ್ಚಿರುತ್ತಲ್ಲ, ಅದೇ. ಈ ತಂತ್ರ ಹುಟ್ಟಿದ್ದು 1973ರಲ್ಲಿ, ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ. (ಹೌದು, ನಾವು ಅಂಗಡಿಗೆ ಹೋಗಿ ಮಾಡಿಸೋ ಜೆರಾಕ್ಸ್‌ಗೆ ಹೆಸರು ಕೊಟ್ಟ ಅದೇ ಕಂಪನಿ.)

ಎರಡು ಕಂಪ್ಯೂಟರ್‌ಗಳನ್ನು ನೇರ ಜೋಡಿಸಲು ಕ್ರಾಸ್‌ಓವರ್ ಕೇಬಲ್ಲೇ ಬೇಕು ಎಂದು ಇವತ್ತಿಗೂ ಹೇಳುವವರಿದ್ದಾರೆ. ಅದು ಹಿಂದಿನ ಮಾತು. 100 ಎಂಬಿಪಿಎಸ್ ಕಾಲದ ಪೋರ್ಟ್‌ಗಳು 1 ಮತ್ತು 2ನೇ ತಂತಿಯಲ್ಲಿ ಕಳಿಸಿ, 3 ಮತ್ತು 6ರಲ್ಲಿ ಕೇಳಿಸಿಕೊಳ್ಳುತ್ತಿದ್ದವು. ಎರಡೂ ಕಡೆ ಕಂಪ್ಯೂಟರೇ ಆದರೆ ಇಬ್ಬರೂ ಒಂದೇ ತಂತಿಯಲ್ಲಿ ಮಾತಾಡಿ, ಇಬ್ಬರೂ ಇನ್ನೊಂದರಲ್ಲಿ ಕಿವಿಗೊಟ್ಟು ಕೂತಂತೆ. ಅದಕ್ಕೇ ತಂತಿ ಅದಲುಬದಲು ಮಾಡಿದ ಕೇಬಲ್ ಬೇಕಿತ್ತು. ಗಿಗಾಬಿಟ್ ಪೋರ್ಟ್ ಎಂಟೂ ತಂತಿ ಬಳಸುತ್ತೆ, ಅದಲುಬದಲನ್ನೂ ಸಾಮಾನ್ಯವಾಗಿ ತಾನೇ ಮಾಡಿಕೊಳ್ಳುತ್ತೆ. ಸಾದಾ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಸಾಕು. ಎರಡೂ ತುದಿ ಚಪ್ಪಟೆ ಇರೋ ಯುಎಸ್‌ಬಿ ಕೇಬಲ್ಲನ್ನು ಮಾತ್ರ ಎರಡು ಕಂಪ್ಯೂಟರ್‌ಗಳ ನಡುವೆ ಸಿಕ್ಕಿಸಬೇಡಿ. ಎರಡೂ ಕಡೆಯಿಂದ ವಿದ್ಯುತ್ ನುಗ್ಗಿ ಪೋರ್ಟ್ ಸುಡಬಹುದು.

ಹೊಸ ಲ್ಯಾಪ್‌ಟಾಪ್‌ನಲ್ಲಿ ಈಥರ್‌ನೆಟ್ ಕಿಂಡಿಯೇ ಇರಲಿಲ್ಲ, ಈಗಿನ ತೆಳ್ಳಗಿನವುಗಳ ಹಣೆಬರಹವೇ ಅದು. ಯುಎಸ್‌ಬಿ ಅಡಾಪ್ಟರ್ ಹಾಕಿದೆ. ಅದನ್ನು ಯುಎಸ್‌ಬಿ 3 ಪೋರ್ಟ್‌ಗೇ ಹಾಕಬೇಕು, ಯುಎಸ್‌ಬಿ 2ರ ಮಿತಿ 480 ಎಂಬಿಪಿಎಸ್.

ರೂಟರ್ ಇದ್ದರೆ ವಿಳಾಸ ಹಂಚುವ ಕೆಲಸ ಅದು ಮಾಡುತ್ತೆ. ಇಲ್ಲಿ ಅದಿಲ್ಲ, ಹಾಗಾಗಿ ನಾವೇ ಕೊಡಬೇಕು. ಒಂದಕ್ಕೆ 192.168.50.1, ಇನ್ನೊಂದಕ್ಕೆ 192.168.50.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0. ಗೇಟ್‌ವೇ ಖಾಲಿ ಬಿಡಿ. ಏನೂ ಕೊಡದಿದ್ದರೆ ವಿಂಡೋಸ್ ತಾನೇ 169.254ರಿಂದ ಶುರುವಾಗುವ ವಿಳಾಸ ಇಟ್ಟುಕೊಳ್ಳುತ್ತೆ. ಅದರಲ್ಲೂ ಕೆಲಸ ಆಗುತ್ತೆ, ನನಗೆ ಮಾತ್ರ ನೆನಪಿರುವ ವಿಳಾಸವೇ ವಾಸಿ.

ಹೆಚ್ಚಿನವರು ಕೈಚೆಲ್ಲೋದು ಇದರ ನಂತರ. ಗುರುತಿಲ್ಲದ ಜಾಲವನ್ನು ವಿಂಡೋಸ್ 'ಪಬ್ಲಿಕ್' ಎಂದು ಪರಿಗಣಿಸಿ ಬಾಗಿಲು ಹಾಕಿಬಿಡುತ್ತೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಅದನ್ನು 'ಪ್ರೈವೇಟ್' ಮಾಡಿ, ಒಂದು ಖಾಲಿ ಫೋಲ್ಡರ್ ಶೇರ್ ಮಾಡಿ, ಬರೆಯುವ ಅನುಮತಿ ಕೊಡಿ. ಹಳೆಯದರಿಂದ ತಳ್ಳೋದು, ಹೊಸದರಲ್ಲಿ ಹಿಡಿಯೋದು. ಯೂಸರ್ ನೇಮ್, ಪಾಸ್‌ವರ್ಡ್ ಕೇಳಿದಾಗ ಲ್ಯಾಪ್‌ಟಾಪ್‌ನ ಪಿನ್ ಹಾಕಿದರೆ ನಡೆಯೋಲ್ಲ, ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಇಲ್ಲದ ಖಾತೆಗಳನ್ನು ವಿಂಡೋಸ್ ಜಾಲದ ಮೂಲಕ ಒಳಗೆ ಬಿಡೋದಿಲ್ಲ. ನಾನು ಇದಕ್ಕಾಗಿಯೇ ಪಾಸ್‌ವರ್ಡ್ ಇರುವ ಬೇರೆ ಲೋಕಲ್ ಖಾತೆ ಮಾಡಿ, ಕೆಲಸ ಮುಗಿದ ಮೇಲೆ ಅಳಿಸಿದೆ.

ಮೊದಲು ಮನೆಯಲ್ಲಿ ಬಿದ್ದಿದ್ದ ಹಳೇ ಕೇಬಲ್ ಹಾಕಿದಾಗ ಸಂಪರ್ಕದ ವೇಗ 100 ಎಂಬಿಪಿಎಸ್ ತೋರಿಸಿತು. ಎಂಟು ತಂತಿಗಳಲ್ಲಿ ಒಂದು ತುಂಡಾಗಿದ್ದರೂ ಹೀಗಾಗುತ್ತೆ. ಆ ವೇಗದಲ್ಲಿ ಸೆಕೆಂಡಿಗೆ ಸುಮಾರು 11 ಎಂಬಿ, ಅಂದರೆ ಒಟ್ಟು ಆರು ಗಂಟೆ. ಪೇಟೆಯಿಂದ ತಂದ ಹೊಸ ಕೇಬಲ್ ಹಾಕಿದ ತಕ್ಷಣ 1 ಗಿಗಾಬಿಟ್ ಬಂತು.

"ಇದಕ್ಕೆ ಇಂಟರ್‌ನೆಟ್ ಬೇಡ್ವೇನೆ?" ಅಮ್ಮನಿಗೆ ಅನುಮಾನ.

"ಬೇಡ ಅಮ್ಮ. ಇದಕ್ಕೂ ಅದಕ್ಕೂ ನೇರ ಮಾತು."

ಸಾಯುತ್ತಿರುವ ಡಿಸ್ಕ್‌ನಿಂದ ಎಲ್ಲವನ್ನೂ ಆಯ್ದು ಒಟ್ಟಿಗೆ ಕಾಪಿ-ಪೇಸ್ಟ್ ಮಾಡಲು ಹೋಗಬಾರದು. ಮತ್ತೆ ಎಲ್ಲೂ ಸಿಗದ್ದು ಮೊದಲು. ಅಮ್ಮನಿಗೆ ಕೇಳಿದೆ, ಅವರು ಒಂದು ಕ್ಷಣವೂ ಯೋಚಿಸದೆ ಹಾಡಿನ ಫೋಲ್ಡರ್ ತೋರಿಸಿದರು. ಆಮೇಲೆ ಫೋಟೊ, ಕೊನೆಗೆ ಸಿನಿಮಾಗಳು. ವಿಂಡೋಸ್‌ನಲ್ಲೇ ಬರುವ ರೋಬೋಕಾಪಿ ಈ ಕೆಲಸಕ್ಕೆ ಬಹಳ ಒಳ್ಳೆಯದು, ಆದರೆ ಒಂದು ಎಚ್ಚರ. ಓದಲಾಗದ ಫೈಲ್ ಸಿಕ್ಕರೆ ಅದು ತಾನಾಗಿ ಹತ್ತು ಲಕ್ಷ ಸಲ, ಪ್ರತಿ ಸಲ 30 ಸೆಕೆಂಡ್ ಕಾದು ಪ್ರಯತ್ನಿಸುತ್ತೆ. ಒಂದೇ ಫೈಲ್‌ಗೆ 347 ದಿನ! ಮರುಪ್ರಯತ್ನದ 'ಆರ್' ಮತ್ತು ಕಾಯುವ 'ಡಬ್ಲ್ಯೂ' ಆಯ್ಕೆಗಳೆರಡಕ್ಕೂ 1 ಎಂದು ಕೊಟ್ಟೆ, ಲಾಗ್ ಫೈಲ್ ಬರೆಯಲು ಹೇಳಿದೆ. ನಿಮ್ಮ ಡಿಸ್ಕ್ ಕಟಕಟ ಸದ್ದು ಮಾಡ್ತಾ ಕಾಣಿಸದೇ ಹೋಗುತ್ತಿದ್ದರೆ ಮಾತ್ರ ಇದ್ಯಾವುದೂ ಬೇಡ, ಆಫ್ ಮಾಡಿ ಡೇಟಾ ರಿಕವರಿಯವರಿಗೆ ಕೊಡಿ.

ದೊಡ್ಡ ವಿಡಿಯೊಗಳು ಸೆಕೆಂಡಿಗೆ 60 ಎಂಬಿಯಂತೆ ಓಡಿದವು. ಸಣ್ಣ ಸಣ್ಣ ಫೋಟೊಗಳು ತೆವಳಿದವು. ತಡ ಕೇಬಲ್‌ನದಲ್ಲ, ಸಾವಿರಾರು ಫೈಲ್‌ಗಳನ್ನು ಹುಡುಕಿ ಓದಬೇಕಿದ್ದ ಹಳೇ ಡಿಸ್ಕ್‌ನದು. ಮೂರು ಗಂಟೆಯಲ್ಲಿ ಎಲ್ಲ ಮುಗೀತು. ಕೊನೆಗೆ ಎರಡೂ ಕಡೆ ಐಪಿ ವಿಳಾಸವನ್ನು 'ಆಟೊಮ್ಯಾಟಿಕ್'ಗೆ ಮರಳಿಸಿ. ಇಲ್ಲದಿದ್ದರೆ ಮುಂದೆ ರೂಟರ್‌ಗೆ ಹಾಕಿದಾಗ ಇಂಟರ್‌ನೆಟ್ ಬರೋದಿಲ್ಲ.

ಲಾಗ್ ಪ್ರಕಾರ ಒಂಬತ್ತು ಫೈಲ್ ಓದಲಾಗಲಿಲ್ಲ. ಏಳು ಸಿನಿಮಾ, ಒಂದು ಫೋಟೊ, ಒಂದು ಹಾಡು. ಹೆಸರು ನೋಡಿ ಅಮ್ಮ, "ಇದು ಸಕಲೇಶಪುರದ ಮದುವೇದು. ನಿಮ್ಮ ಚಿಕ್ಕಮ್ಮನ ಫೋನಲ್ಲೂ ಇರ್ಬೇಕು, ತಡಿ," ಎಂದು ಆಗಲೇ ಫೋನ್ ಹಚ್ಚಿದರು.