ಒಂದು ಊಹೆ, ಉಳಿದದ್ದೆಲ್ಲ ಲೆಕ್ಕ

ಇಲ್ಲದ ಲೋಕವನ್ನು ಕಟ್ಟಿ ಕಾದಂಬರಿ ಬರೆಯುವವರಿಗೆ ಬೇಕಾದದ್ದು ಏನು ಎಂದರೆ ಕಲ್ಪನಾಶಕ್ತಿ ಎಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ ಇಂಥ ಕಾದಂಬರಿಗಳನ್ನು ಗಮನವಿಟ್ಟು ಓದಿದರೆ, ಅವುಗಳನ್ನು ಎತ್ತಿ ನಿಲ್ಲಿಸಿರುವುದು ಲೇಖಕರ ಕಟ್ಟುನಿಟ್ಟು ಎಂದು ತಿಳಿಯುತ್ತದೆ. ಲೇಖಕರು ಇಲ್ಲದ ಒಂದು ಸಂಗತಿಯನ್ನು ಇದೆ ಎಂದು ಒಪ್ಪಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಹಸಿವು, ಹಣ, ನಂಟು, ಸಾವು ಎಲ್ಲವೂ ನಮ್ಮ ಲೋಕದಲ್ಲಿರುವಂತೆಯೇ ನಡೆಯಬೇಕು. ಒಪ್ಪಿಕೊಂಡ ಆ ಒಂದು ಊಹೆಯ ಪರಿಣಾಮಗಳಿಂದ ಲೇಖಕರೂ ತಪ್ಪಿಸಿಕೊಳ್ಳುವಂತಿಲ್ಲ.

ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಹಾಸನ ಜಿಲ್ಲೆಯ ಗಂಡಸಿ ಹೋಬಳಿ ಇರುವ ಅರಸೀಕೆರೆ ತಾಲ್ಲೂಕಿಗೆ ಅಂಟಿಕೊಂಡೇ ಚನ್ನರಾಯಪಟ್ಟಣ ತಾಲ್ಲೂಕಿದೆ. ಅಲ್ಲಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು 2014ರಲ್ಲಿ 'ಯಾನ' ಕಾದಂಬರಿಯನ್ನು ಪ್ರಕಟಿಸಿದರು. ಒಬ್ಬ ಗಂಡು, ಒಬ್ಬ ಹೆಣ್ಣು ಸೌರಮಂಡಲವನ್ನು ದಾಟಿ, ಮರಳಿ ಬಾರದ ಪಯಣ ಹೊರಡುವ ಕಥೆ ಅದು. ಅವರು ಮರಳುವುದಿಲ್ಲ ಎಂಬುದು ಕಥೆಗೆ ಕಳೆ ಬರಲೆಂದು ಇಟ್ಟದ್ದಲ್ಲ, ಲೆಕ್ಕದಿಂದ ಬಂದದ್ದು. ಸೂರ್ಯನಿಗೆ ತೀರ ಹತ್ತಿರದ ನಕ್ಷತ್ರವೇ ಸುಮಾರು 4.24 ಬೆಳಕಿನ ವರ್ಷಗಳಾಚೆ ಇದೆ. ಮನುಷ್ಯರು ಕಳಿಸಿದ ವಾಯೇಜರ್-1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಕ್ರಮಿಸಲು ಹತ್ತಿರ ಹತ್ತಿರ 75,000 ವರ್ಷ ಬೇಕು. ಇದಕ್ಕಿಂತ ಎಷ್ಟೋ ಪಟ್ಟು ವೇಗದ ನೌಕೆಯನ್ನು ಊಹಿಸಿಕೊಂಡರೂ ಹೊರಟವರ ಆಯುಸ್ಸು ಸಾಲದೆ ಹೋಗಬಹುದು. ಹಾಗಾದರೆ ಮಕ್ಕಳು ನೌಕೆಯೊಳಗೇ ಹುಟ್ಟಬೇಕು. ಆ ಮಕ್ಕಳಿಗೆ ಮುಂದೆ ಮದುವೆಯಾಗಲು ಇನ್ನಾರಿದ್ದಾರೆ? ಅವರು ಕಾಣದ ಭೂಮಿಯ ನೀತಿ ಅವರಿಗೇಕೆ ಅನ್ವಯಿಸಬೇಕು? ತಾಯಿ ಭೂಮಿಗೊಂದು ಪ್ರಶ್ನೆ ಕಳಿಸಿದರೆ, ಅಷ್ಟು ದೂರದಿಂದ ಉತ್ತರ ಬರಲು ಎಂಟೂವರೆ ವರ್ಷ ಬೇಕು. ತತ್ತ್ವಶಾಸ್ತ್ರ ಪಾಠ ಹೇಳಿದ ಭೈರಪ್ಪನವರಿಗೆ ಧರ್ಮ ಮತ್ತು ನಂಟಿನ ಜಿಜ್ಞಾಸೆಗೆ ಬಾಗಿಲು ತೆರೆದದ್ದು ಈ ದೂರ ಮತ್ತು ವೇಗಗಳೇ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ವಿಮಾನ, ಮಾಯೆ, ಲೋಕಾಂತರ ಎಲ್ಲವೂ ನಮ್ಮ ಪುರಾಣಗಳಲ್ಲೇ ಇರುವಾಗ ಹೊಸದೇನು ಎಂಬುದು ಮೊದಲನೆಯದು. ಪುರಾಣ ದೊಡ್ಡದು, ನಿಜ. ಆದರೆ ಅದರ ಕಟ್ಟು ಬೇರೆ: ಅಲ್ಲಿ ದಾರಿ ಮುಚ್ಚಿದಾಗ ವರವೊಂದು ಬಂದು ತೆರೆಯಬಹುದು, ಶಾಪವೊಂದು ಎರಡು ಜನ್ಮ ದಾಟಿ ಫಲಿಸಬಹುದು. ಈ ಬಗೆಯ ಕಾದಂಬರಿ ವರವನ್ನು ತಾನಾಗಿಯೇ ಬಿಟ್ಟುಕೊಟ್ಟಿದೆ. ಓದುಗರು ಲೆಕ್ಕ ಹಾಕಿ ನೋಡುವುದಿಲ್ಲ, ಇಷ್ಟೊಂದು ಶಿಸ್ತು ಯಾರಿಗಾಗಿ ಎಂಬುದು ಎರಡನೆಯದು. ಲೆಕ್ಕ ಹಾಕದಿದ್ದರೂ ಮೋಸ ಓದುಗರಿಗೆ ತಿಳಿಯುತ್ತದೆ. ಇಪ್ಪತ್ತನೆಯ ಪುಟದಲ್ಲಿ ಅಸಾಧ್ಯವೆಂದದ್ದು ಇನ್ನೂರನೆಯ ಪುಟದಲ್ಲಿ ಸುಮ್ಮನೆ ಸಾಧ್ಯವಾದರೆ, ಆಮೇಲೆ ಯಾವ ಪಾತ್ರದ ಪ್ರಾಣಕ್ಕೂ ಓದುಗರು ಹೆದರುವುದಿಲ್ಲ.

ರಾಕೆಟ್ಟು, ನಕ್ಷತ್ರಗಳಿಲ್ಲದೆಯೂ ಈ ಕಸುಬು ನಡೆಯುತ್ತದೆ. ಗಂಡಸಿ ಕಡೆಯ ತೆಂಗಿನ ತೋಟಗಳನ್ನೇ ನೋಡಿ. ಉಂಡೆ ಕೊಬ್ಬರಿಯಾಗಲು ಬಲಿತ ಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಒಣಗಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಎನ್ನಬೇಕು. ಆ ಕಾಯಿ ಒಂದೇ ರಾತ್ರಿಯಲ್ಲಿ ಒಣಗುವಂತಾಯಿತು ಎಂದುಕೊಳ್ಳಿ. ಊಹೆ ಇಷ್ಟೇ. ಈಗ ಲೆಕ್ಕ. ಇಂದು ಕಾಯಬಲ್ಲ ರೈತ ಕೊಬ್ಬರಿಯ ಬೆಲೆ ಪಡೆಯುತ್ತಾನೆ. ಸಾಲದವನು ಬಾಗಿಲಿಗೆ ಬಂದಿರುವ ರೈತ ಹಸಿಕಾಯಿಯನ್ನೇ ಕೊಟ್ಟುಬಿಡುತ್ತಾನೆ. ವರ್ಷದ ಕಾಯುವಿಕೆ ಅಳಿದರೆ ಇವರಿಬ್ಬರ ನಡುವಿನ ದೊಡ್ಡ ಅಂತರವೊಂದು ಅಳಿಯುತ್ತದೆ. ಸಂತೋಷವೇ. ಆದರೆ ಬೆಲೆ ಏರಿದ ಸುದ್ದಿ ಹಬ್ಬಿದ ಮರುದಿನವೇ ಎಲ್ಲರ ಕೊಬ್ಬರಿಯೂ ತಿಪಟೂರು, ಅರಸೀಕೆರೆ ಮಾರುಕಟ್ಟೆಗೆ ಬಂದು ಬಿದ್ದು ಹರಾಜು ಕುಸಿಯುತ್ತದೆ. ಅಟ್ಟದ ದಾಸ್ತಾನು ನೋಡಿ ಸಾಲ ಕೊಡುತ್ತಿದ್ದವರು ಇನ್ನು ಯಾವುದನ್ನು ನಂಬಿ ಕೊಡಬೇಕು? ತುಂಬಿದ ಅಟ್ಟ ನೋಡಿ ಹೆಣ್ಣು ಕೊಡಲು ಒಪ್ಪಿದವರು ಏನೆನ್ನುತ್ತಾರೆ? ಇಷ್ಟಾದ ಮೇಲೆ, ಒಣಗಿಸುವ ಉಪಾಯ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಅದು ಒಬ್ಬನ ಕೈಯಲ್ಲೇ ಇದ್ದರೆ ಅಳಿದ ಅಂತರ ಬೇರೆ ರೂಪದಲ್ಲಿ ಹಿಂದಿರುಗುತ್ತದೆ. ಒಂದು ರಾತ್ರಿಯ ಊಹೆ ಇಡೀ ಹೋಬಳಿಯ ಬದುಕನ್ನು ತೆರೆದು ತೋರಿಸುತ್ತದೆ. ಇಂಥ ಕಾದಂಬರಿ ಕನ್ನಡದಲ್ಲಿ ಬರಲೇಬೇಕೆಂಬುದು ನನ್ನ ಆಸೆ.

ಹೀಗೆ ಬರೆಯಲು ಊರನ್ನು ಒಳಗಿನಿಂದ ಬಲ್ಲವರೇ ಬೇಕು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಕೃಷಿ ಮಾಡುತ್ತ 1980ರಲ್ಲಿ 'ಕರ್ವಾಲೊ' ಕಾದಂಬರಿಯನ್ನು ಪ್ರಕಟಿಸಿದರು. ಅದರಲ್ಲಿನ ಹಾರುವ ಓತಿಯ ಹುಡುಕಾಟ ಕೋಟ್ಯಂತರ ವರ್ಷಗಳ ಜೀವವಿಕಾಸದತ್ತ ಕೈಚಾಚುತ್ತದೆ. ಆದರೂ ಅದನ್ನು ನಾವು ನಂಬುವುದು ಅದರ ಪಾತ್ರವಾದ ಹಳ್ಳಿಗ ಮಂದಣ್ಣನ ಜೇನು, ಬೆಳೆಯ ತಾಪತ್ರಯ, ಹಳ್ಳಿಯ ತಕರಾರುಗಳು ಅಷ್ಟು ನಿಖರವಾಗಿರುವುದರಿಂದ. ಬರಹದ ಜೊತೆ ಇನ್ನೊಂದು ದುಡಿಮೆಯೂ ಬೇಕಾಗುತ್ತದೆ, ಏಕೆಂದರೆ ಬರಹವೊಂದನ್ನೇ ನಂಬಿ ಬದುಕುವುದು ಕನ್ನಡದಲ್ಲಿ ಕಷ್ಟ. ಭೈರಪ್ಪನವರು ಅಧ್ಯಾಪಕರಾಗಿದ್ದರು, ತೇಜಸ್ವಿ ಕೃಷಿಕರಾಗಿದ್ದರು. ಬೇರೆ ದುಡಿಮೆ ಬರಹದ ಹೊತ್ತನ್ನು ತಿನ್ನುತ್ತದೆ ಎಂಬ ದೂರು ನ್ಯಾಯವಾದದ್ದೇ, ಆ ಹೊತ್ತು ಮರಳಿ ಸಿಗುವುದೂ ಇಲ್ಲ. ಆದರೆ ಈ ಬಗೆಯ ಕಾದಂಬರಿಗೆ ಬೇಕಾದ ಲೆಕ್ಕ ಸಿಗುವುದೂ ದುಡಿಮೆಯಲ್ಲೇ. ಮಂಡಿಯಲ್ಲಿ ಗುಮಾಸ್ತಿಕೆ ಮಾಡುವವರಿಗೆ ಹರಾಜಿನ ಏರಿಳಿತ ಗೊತ್ತು. ಹಾಸನದಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವಿದೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಅಲ್ಲಿ ಹಗಲಿರುಳು ನೋಡಿಕೊಳ್ಳುವವರಿಗೆ ಯಂತ್ರ ಹೇಗೆ ಕೆಡುತ್ತದೆ, ಕೆಟ್ಟಾಗ ಮನುಷ್ಯರು ಹೇಗೆ ಮಾತಾಡುತ್ತಾರೆ ಎಂಬುದು ಗೊತ್ತು. ಮುಂದಿನ ಕಾದಂಬರಿ ಇವರಲ್ಲಿ ಯಾರಿಂದಲೂ ಬರಬಹುದು.