ಬೇಲೂರಿನ ಹಲ್ಲಿ ಮತ್ತು ಮೊದಲ ಝೂಮ್ ಲೆನ್ಸ್

ಬೇಲೂರಿನ ಚೆನ್ನಕೇಶವ ದೇವಾಲಯದ ಸೂರಿನಡಿ ಓರೆಯಾಗಿ ನಿಂತ ಮದನಿಕೆಯರಲ್ಲಿ ಒಬ್ಬಳ ತಲೆಯ ಮೇಲೆ ಎಲೆಬಳ್ಳಿಯ ಚಪ್ಪರವಿದೆ. ಅದರಲ್ಲೊಂದು ಹಣ್ಣು, ಹಣ್ಣಿನ ಮೇಲೆ ನೊಣ, ಪಕ್ಕದಲ್ಲೇ ಹೊಂಚು ಹಾಕಿದ ಹಲ್ಲಿ. ಗೈಡ್ ಕೈ ತೋರಿಸದಿದ್ದರೆ ಬರಿಗಣ್ಣಿಗೆ ಸಿಗುವುದು ಕಷ್ಟ. ಕ್ಯಾಮೆರಾದ ಜೊತೆಗೇ ಬಂದ 18-55 ಮಿ.ಮೀ. ಲೆನ್ಸ್ ಹಿಡಿದು ಹೋದವರಿಗೆ ಇಡೀ ಗುಡಿ ಜಗತಿಯ ಸಮೇತ ಸೊಗಸಾಗಿ ಸಿಗುತ್ತದೆ; ಹಲ್ಲಿ ಮಾತ್ರ ಚುಕ್ಕೆಯಾಗಿಯೇ ಉಳಿಯುತ್ತದೆ. ಎಲ್ಲಕ್ಕೂ ಆಗುವಂಥ ಒಂದು ಲೆನ್ಸ್ ಯಾವುದು ಎಂಬ ಪ್ರಶ್ನೆ ಹುಟ್ಟುವುದು ಇಂಥ ಕಡೆಯೇ.

ಲೆನ್ಸಿನ ಮೇಲೆ ಬರೆದಿರುವ ಮಿಲಿಮೀಟರುಗಳು ಅದರ ಫೋಕಲ್ ಲೆಂತ್, ಅಂದರೆ ಸಂಗಮ ದೂರ. ಅದು ಹೆಚ್ಚಿದಷ್ಟೂ ನೋಟದ ಕೋನ ಕಿರಿದಾಗಿ ವಸ್ತು ದೊಡ್ಡದಾಗಿ ಕಾಣುತ್ತದೆ. ಹೊಸಬರ ಕೈಯಲ್ಲಿ ಸಾಮಾನ್ಯವಾಗಿರುವುದು ಎಪಿಎಸ್-ಸಿ ಎಂಬ ಸಣ್ಣ ಸೆನ್ಸರಿನ ಕ್ಯಾಮೆರಾ. ಅದರಲ್ಲಿ 18 ಮಿ.ಮೀ. ಲೆನ್ಸ್ ಮೂಲೆಯಿಂದ ಮೂಲೆಗೆ ಸುಮಾರು 76 ಡಿಗ್ರಿ ನೋಡುತ್ತದೆ. 55ಕ್ಕೆ ತಿರುಗಿಸಿದರೆ ಅದು 29 ಡಿಗ್ರಿಗೆ ಇಳಿಯುತ್ತದೆ, 135ರಲ್ಲಿ 12ಕ್ಕೆ, 200ರಲ್ಲಿ 8ಕ್ಕೆ. 55ರಿಂದ 135ಕ್ಕೆ ಹೋದಾಗ ಸಿಗುವ ಲಾಭ ದೊಡ್ಡದು, ಅಲ್ಲಿಂದ 200ಕ್ಕೆ ಹೋದಾಗ ಅಷ್ಟಿಲ್ಲ. ಅಗಲದ ತುದಿಯಲ್ಲಿ ಲೆಕ್ಕವೇ ಬೇರೆ, ಅಲ್ಲಿ ಒಂದೊಂದು ಮಿಲಿಮೀಟರಿಗೂ ಬೆಲೆಯಿದೆ. ದೊಡ್ಡ ಸೆನ್ಸರಿಗೆಂದು ಮಾಡಿದ 24-70 ಲೆನ್ಸನ್ನು ಒಳ್ಳೆಯದೆಂದು ಕೇಳಿ ಸಣ್ಣ ಸೆನ್ಸರಿಗೆ ಹಾಕಿದರೆ ನೋಟ 61 ಡಿಗ್ರಿಯಲ್ಲೇ ನಿಲ್ಲುತ್ತದೆ. ಮದುವೆ ಮನೆಯ ಇಕ್ಕಟ್ಟಿನ ಕೋಣೆಯಲ್ಲಿ ಹಿಂದೆ ಸರಿಯಲು ಜಾಗವಿಲ್ಲದಾಗ ಈ ಕೊರತೆ ಕೈ ಕಚ್ಚುತ್ತದೆ.

ಝೂಮ್ ಉಂಗುರ ತಿರುಗಿಸಿದಾಗ ಒಳಗೆ ನಡೆಯುವ ಕೆಲಸ ನಿಜಕ್ಕೂ ಬೆರಗಿನದು. ಕೊಳವೆಯ ಗೋಡೆಯಲ್ಲಿ ಬಾಗಿದ ಕಾಲುವೆಗಳನ್ನು ಕೊರೆದಿರುತ್ತಾರೆ. ಗಾಜಿನ ಗುಂಪುಗಳು ಅವುಗಳ ಹಾದಿ ಹಿಡಿದು ಹಿಂದೆ ಮುಂದೆ ಜಾರುತ್ತವೆ. ಒಂದು ಗುಂಪು ಬಿಂಬದ ಗಾತ್ರ ಬದಲಿಸಿದರೆ, ಇನ್ನೊಂದು ಬೇರೆಯದೇ ವೇಗದಲ್ಲಿ ಸರಿದು ಬಿಂಬ ಸೆನ್ಸರಿನ ಮೇಲೆಯೇ ಸ್ಪಷ್ಟವಾಗಿ ಬೀಳುವಂತೆ ನೋಡಿಕೊಳ್ಳುತ್ತದೆ. ಸಿನಿಮಾ ಮತ್ತು ಟಿವಿ ಕ್ಯಾಮೆರಾಗಳಲ್ಲಿ ಮೊದಲೇ ಇದ್ದ ಈ ತಂತ್ರ 35 ಮಿ.ಮೀ. ಸ್ಥಿರಚಿತ್ರದ ಕ್ಯಾಮೆರಾಕ್ಕೆ ಬಂದದ್ದು 1959ರಲ್ಲಿ, ಫ್ರಾಂಕ್ ಬ್ಯಾಕ್ ವಿನ್ಯಾಸ ಮಾಡಿದ ಫೋಕ್ಟ್‌ಲೆಂಡರ್ ಝೂಮಾರ್ ಮೂಲಕ. ಅದರ ವ್ಯಾಪ್ತಿ 36ರಿಂದ 82 ಮಿ.ಮೀ., ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು. 2005ರಲ್ಲಿ ನಿಕಾನ್ ತಂದ 18-200 ಲೆನ್ಸಿನ ವ್ಯಾಪ್ತಿ ಹನ್ನೊಂದು ಪಟ್ಟು, ಒಳಗೆ 16 ಗಾಜುಗಳು. 2017ರ ಟ್ಯಾಮ್ರಾನ್ 18-400 ಇಪ್ಪತ್ತೆರಡು ಪಟ್ಟು ದಾಟಿತು.

ಹಾಗಾದರೆ ಕಣ್ಣು ಮುಚ್ಚಿ 18-400 ಕೊಳ್ಳಬಾರದೇಕೆ? ಬೆಳಕಿನ ಲೆಕ್ಕ ಅಡ್ಡ ಬರುತ್ತದೆ. ಸಂಗಮ ದೂರವನ್ನು ಬೆಳಕಿನ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. 200 ಮಿ.ಮೀ.ನಲ್ಲಿ ಎಫ್ 5.6 ಬೇಕಾದರೆ 36 ಮಿ.ಮೀ. ಕಿಂಡಿ ಸಾಕು. ಎಫ್ 2.8 ಬೇಕಾದರೆ ಅದು 71 ಮಿ.ಮೀ. ಆಗಬೇಕು. ಮುಂದಿನ ಗಾಜು ಅದಕ್ಕಿಂತ ಚಿಕ್ಕದಿರುವಂತಿಲ್ಲ. ಆದ್ದರಿಂದಲೇ ವೃತ್ತಿಪರರ 70-200 ಎಫ್ 2.8 ಲೆನ್ಸುಗಳಲ್ಲಿ ಹಲವು ಒಂದೂವರೆ ಕಿಲೋ ಆಸುಪಾಸು ತೂಗುತ್ತವೆ, ನಿಕಾನಿನ ಆ 18-200 ಅರ್ಧ ಕಿಲೋ ಚಿಲ್ಲರೆಯಲ್ಲೇ ಮುಗಿಯುತ್ತದೆ. ಹಗುರವಾಗಿರುವ ಎಲ್ಲ ಉದ್ದ ಝೂಮ್‌ಗಳೂ ದೂರದ ತುದಿಯಲ್ಲಿ ಬೆಳಕು ಬಿಟ್ಟುಕೊಟ್ಟೇ ಹಗುರವಾಗಿರುವುದು. ಜೊತೆಗೆ ನೇರ ಗೆರೆಗಳು 18ರ ತುದಿಯಲ್ಲಿ ಹೊರಕ್ಕೆ ಉಬ್ಬುತ್ತವೆ, ದೂರದ ತುದಿಯಲ್ಲಿ ಒಳಕ್ಕೆ ಬಾಗುತ್ತವೆ. ಇದನ್ನು ಇಂದಿನ ಕ್ಯಾಮೆರಾಗಳು ತಂತ್ರಾಂಶದಿಂದ ಬಹುಮಟ್ಟಿಗೆ ತಿದ್ದಿಬಿಡುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬಾರದ ಬೆಳಕನ್ನು ತಂದುಕೊಡುವ ತಂತ್ರಾಂಶ ಮಾತ್ರ ಇಲ್ಲ.

ಬೇಲೂರಿನ ನವರಂಗದೊಳಗೆ ಹೋದರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲೇ ಒಂದಷ್ಟು ಹೊತ್ತು ಬೇಕು. ಆದರೂ ಅಲ್ಲಿ ಸಾಧಾರಣ ಝೂಮ್ ನಡೆಯುತ್ತದೆ, ಯಾಕೆಂದರೆ ಕಂಬಗಳು ಕದಲುವುದಿಲ್ಲ. ವಿಆರ್, ಐಎಸ್, ಒಎಸ್‌ಎಸ್ ಎಂದು ಕಂಪನಿಗೊಂದು ಹೆಸರಿರುವ ನಡುಕ ತಡೆಯುವ ವ್ಯವಸ್ಥೆ ನಮ್ಮ ಕೈಯ ಅಲುಗಾಟವನ್ನು ಸರಿದೂಗಿಸುತ್ತದೆ. ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ನಿಧಾನದ ಶಟರಿನಲ್ಲೂ ಚಿತ್ರ ಚೊಕ್ಕಟವಾಗಿ ಬರಬಹುದು. ಅದೇ ಲೆನ್ಸ್ ಹಿಡಿದು ರಾತ್ರಿ ಯಕ್ಷಗಾನಕ್ಕೆ ಹೋಗಿ. ಧಿಗಿಣ ಹಾಕುವ ವೇಷಧಾರಿಯನ್ನು ನಿಲ್ಲಿಸಿ ಹಿಡಿಯಲು ಸೆಕೆಂಡಿನ 250ನೇ ಒಂದು ಭಾಗ, ಹಲವು ಸಲ ಅದಕ್ಕಿಂತಲೂ ವೇಗದ ಶಟರ್ ಬೇಕು. ನಡುಕ ತಡೆಯುವ ವ್ಯವಸ್ಥೆ ಇಲ್ಲಿ ಏನೂ ಮಾಡಲಾರದು, ಅಲುಗುತ್ತಿರುವುದು ನಮ್ಮ ಕೈಯಲ್ಲವಲ್ಲ. ಎಫ್ 5.6ರಲ್ಲಿ ಐಎಸ್‌ಒ ಏರಿಸುತ್ತಾ ಹೋದರೆ ಮುಖವರ್ಣಿಕೆಯ ನಯವಾದ ಗೆರೆಗಳೆಲ್ಲ ಕಾಳುಕಾಳಾಗುತ್ತವೆ. ಅಲ್ಲಿಗೆ ಝೂಮ್ ಇಲ್ಲದ ಪುಟ್ಟ 50 ಮಿ.ಮೀ. ಎಫ್ 1.8 ಲೆನ್ಸೇ ಸರಿ. ಅದು ಒಳಗೆ ಬಿಡುವ ಬೆಳಕು ಎಫ್ 5.6ಕ್ಕಿಂತ ಹತ್ತಿರಹತ್ತಿರ ಹತ್ತು ಪಟ್ಟು, ಬೆಲೆಯೂ ಕೈಗೆಟುಕುವಂಥದ್ದು.

ನನ್ನ ಕೇಳಿದರೆ ಮೊದಲ ಝೂಮ್ 18-135 ಅಥವಾ 18-140 ಆಗಿರಲಿ, ಕೈಲಾದಾಗ ಜೊತೆಗೊಂದು 50 ಎಫ್ 1.8 ಬರಲಿ. ಮದನಿಕೆಯ ಹಲ್ಲಿಗೆ, ಜಾತ್ರೆಯ ತೇರಿಗೆ, ಅಜ್ಜಿಯ ಮುಖಕ್ಕೆ ಮೊದಲನೆಯದು ಸಾಕು. ರಂಗನತಿಟ್ಟಿನಲ್ಲಿ ದೋಣಿಯವರು ಕೊಕ್ಕರೆಗಳ ಹತ್ತಿರಕ್ಕೇ ಒಯ್ಯುವುದರಿಂದ ಅಲ್ಲೂ ಬರಿಗೈಯಲ್ಲಿ ಬರಬೇಕಾಗಿಲ್ಲ. ಕಾಡಿನ ಸಣ್ಣ ಹಕ್ಕಿಗಳೇ ಮುಖ್ಯ ಎನ್ನುವವರಿಗೆ 135 ಸಾಲದು, 200 ಕೂಡ ಸಾಲದು. ಅವರು 400ರಿಂದಲೇ ಯೋಚನೆ ಶುರುಮಾಡಬೇಕು. ಯಾವ ಗುಂಪಿಗೆ ಸೇರಿದವರು ಎಂದು ತಿಳಿಯಲು ಈಗಾಗಲೇ ತೆಗೆದ ಚಿತ್ರಗಳೇ ಸಾಕ್ಷಿ. ಪ್ರತಿ ಚಿತ್ರದ ವಿವರದಲ್ಲೂ ಎಷ್ಟು ಮಿ.ಮೀ.ನಲ್ಲಿ ತೆಗೆದದ್ದು ಎಂದು ಕ್ಯಾಮೆರಾ ಬರೆದಿಟ್ಟಿರುತ್ತದೆ. ಇಷ್ಟಪಟ್ಟ ಚಿತ್ರಗಳಲ್ಲಿ ಹೆಚ್ಚಿನವು 18ರಲ್ಲೇ ಇದ್ದರೆ ನಿಮಗೆ ಬೇಕಿರುವುದು ಉದ್ದದ ಝೂಮ್ ಅಲ್ಲ, ಇನ್ನೂ ಅಗಲವಾದದ್ದು.

ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲಿ ತಪ್ಪೇನಿಲ್ಲ, ನೋಡಿ ಕೊಳ್ಳಬೇಕು ಅಷ್ಟೆ. ಲೆನ್ಸನ್ನು ಕೆಳಮುಖ ಮಾಡಿ ಹಿಡಿದಾಗ ಕೊಳವೆ ತಾನಾಗಿ ಸರ್ರನೆ ಜಾರಿದರೆ ಒಳಗೆ ಸವೆತವಿದೆ ಎಂದು ಅನುಮಾನಿಸಿ. ಮಲೆನಾಡಿನ, ಕರಾವಳಿಯ ಮಳೆಗಾಲ ಕಂಡ ಲೆನ್ಸಾದರೆ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಇಣುಕಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಕೊಂಡದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಜೆಲ್ ಬಣ್ಣ ಬದಲಿಸಿದಾಗ ಕಾಯಿಸಿ ಒಣಗಿಸಿ ಮತ್ತೆ ಬಳಸಿ.